ಚೈನಿಗೆ ಮೇಣ ಹಾಕಿದ ದಿನ

ಚನ್ನರಾಯಪಟ್ಟಣ ಹೋಬಳಿ,
ದೇವನಹಳ್ಳಿ ತಾಲ್ಲೂಕು
ಸೋಮವಾರ, 11-11-2024

ಪ್ರೀತಿಯ ಶಶಿರೇಖಾ ಅತ್ತಿಗೆಗೆ,

ನಿಮ್ಮ ಮೈದುನ ಕೆಂಪರಾಜನ ನಮಸ್ಕಾರಗಳು. ಹೇಗಿದ್ದೀರಿ? ಚಳಿ ಬಿದ್ದರೆ ನಿಮ್ಮ ಎಡಗೈ ಮಣಿಕಟ್ಟು ಹಿಡಿದುಕೊಳ್ಳುತ್ತಿತ್ತು, ಈ ಸಲ ಹೇಗಿದೆ? ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಕಾಯಿಸಿ ಹಚ್ಚಿಕೊಳ್ಳುತ್ತಿದ್ದಿರಲ್ಲ, ಅದನ್ನು ತವರಿನಲ್ಲಿ ಯಾರಾದರೂ ಮಾಡಿಕೊಡುತ್ತಿದ್ದಾರೆ ಅಂದುಕೊಂಡಿದ್ದೇನೆ. ನಿಮ್ಮ ತಂದೆಯವರ ಕಣ್ಣಿನ ಆಪರೇಷನ್ ಆಯಿತಂತೆ, ನಂದಗುಡಿ ಕಡೆಯಿಂದ ಬಳೆ ಮಾರಲು ಬರುವ ವರಲಕ್ಷ್ಮಮ್ಮ ಹೇಳಿದರು. ಈಗ ಪೇಪರ್ ಓದುತ್ತಾರಾ? ಈ ಹತ್ತು ತಿಂಗಳಲ್ಲಿ ನಾನು ಮೂರು ಸಲ ನಿಮಗೆ ಫೋನ್ ಮಾಡಿದೆ. ಮೂರು ಸಲವೂ ನಿಮ್ಮ ತಮ್ಮ ಎತ್ತಿ, "ಅಕ್ಕ ತೋಟದಲ್ಲವ್ಳೆ" ಅಂದ. ಮೂರು ಸಲವೂ ನನಗೆ ಒಳಗೊಳಗೇ ಹಾಯೆನಿಸಿತು. ನೀವೇ ಸಿಕ್ಕಿಬಿಟ್ಟಿದ್ದರೆ ಏನು ಮಾತಾಡುತ್ತಿದ್ದೆನೋ. ನನ್ನ ಬಾಯಿ ನಿಮಗೆ ಗೊತ್ತಲ್ಲ. ಬಸ್ಸಿನಲ್ಲಿ ನಮ್ಮ ಸ್ಟಾಪು ಬಂದಾಗ ಕಂಡಕ್ಟರಿಗೆ ಹೇಳಲು ನಾಚಿ, ಮುಂದಿನ ಊರಿನಲ್ಲಿ ಇಳಿದು ಬಿಸಿಲಿನಲ್ಲಿ ನಡೆದು ಬಂದವನು ನಾನು. ಅವತ್ತು ನೀವು ಮಜ್ಜಿಗೆ ಕೊಟ್ಟು, ಯಾರಿಗೂ ಹೇಳದೆ ಒಬ್ಬರೇ ನಕ್ಕಿದ್ದಿರಿ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಮನೆಯ ಸುದ್ದಿ ಹೇಳುವುದಾದರೆ ಎಲ್ಲರೂ ಇದ್ದೇವೆ. ಅಮ್ಮನ ಮಂಡಿನೋವು ಹಾಗೇ ಇದೆ, ಬಾಯಿಯೂ ಹಾಗೇ ಇದೆ. ಮನೋಹರಣ್ಣ ಮಾತು ಕಡಿಮೆ ಮಾಡಿದ್ದಾನೆ. ಊಟಕ್ಕೆ ಕೂತರೆ ತಟ್ಟೆ ನೋಡಿಕೊಂಡೇ ತಿಂದು ಎದ್ದು ಹೋಗುತ್ತಾನೆ. ಊರ ಬಾಗಿಲಲ್ಲಿ ಕೈಗಾರಿಕೆಗೆ ಭೂಮಿ ಬಿಡುವುದಿಲ್ಲ ಅಂತ ಕಟ್ಟಿದ್ದ ಬ್ಯಾನರು ಬಿಸಿಲಿಗೆ ಬಿಳಿಚಿಕೊಂಡು ಅಕ್ಷರವೇ ಕಾಣುತ್ತಿಲ್ಲ, ಆದರೂ ಯಾರೂ ಬಿಚ್ಚಿಲ್ಲ. ನೀವು ಹೋದ ಮೇಲೆ ನಾವು ರೇಷ್ಮೆಹುಳ ಸಾಕಲಿಲ್ಲ, ಸೊಪ್ಪನ್ನು ಪಕ್ಕದ ಊರಿನವರಿಗೆ ಮಾರಿಕೊಂಡೆವು. ಈಗ ಅಣ್ಣ ಮತ್ತೆ ಸಾಕಲು ಮನಸ್ಸು ಮಾಡಿದ್ದಾನೆ, ಮುಂದಿನ ತಿಂಗಳ ಮೊದಲ ವಾರಕ್ಕೆ ಮರಿಹುಳ ಬರುತ್ತವೆ. ಆದರೆ ಕೆಲಸಕ್ಕೆ ಜನ ಸಿಗುತ್ತಿಲ್ಲ. ಸೊಪ್ಪು ಕೊಯ್ಯಲು ಬರುತ್ತಿದ್ದ ನರಸಮ್ಮನೂ ಅವರ ಸೊಸೆಯೂ ಏರ್‌ಪೋರ್ಟ್ ಹತ್ತಿರದ ಹೋಟೆಲಿನ ರೂಮು ಗುಡಿಸಲು ದಿನಾ ವ್ಯಾನಿನಲ್ಲಿ ಹೋಗುತ್ತಾರೆ. ಮೂರು ಹೊತ್ತು ಸೊಪ್ಪು ಹಾಕುವವರು ಯಾರು, ಕಸ ತೆಗೆಯುವವರು ಯಾರು ಅನ್ನುವ ಮಾತು ಬಂದಾಗಲೇ ಈ ಮನೆಗೆ ನಿಮ್ಮ ನೆನಪಾಗಿದ್ದು. ಇದನ್ನು ಚೆಂದ ಮಾಡಿ ಹೇಳಲು ನನಗೆ ಬರುವುದಿಲ್ಲ.

ಬರುವ ಭಾನುವಾರ ಅಮ್ಮನೂ ಅಣ್ಣನೂ ನಿಮ್ಮನ್ನು ಕರೆಯಲು ಬರುತ್ತಾರೆ. ಆದರೆ ಅಮ್ಮನದೊಂದು ಷರತ್ತಿದೆ. ನೀವು ನಮ್ಮ ಹೊಸ್ತಿಲು ದಾಟುವ ಮುಂಚೆ ಊರಮ್ಮನ ಗುಡಿಯಲ್ಲಿ ತಪ್ಪು ಕಾಣಿಕೆ ಹಾಕಬೇಕು. ನಾಲ್ಕು ಜನರ ಎದುರಿಗೆ, "ಹುಳ ಸತ್ತಿದ್ದು ನನ್ನ ಮೈಲಿಗೆಯಿಂದ, ನನ್ನದು ತಪ್ಪಾಯ್ತು ತಾಯಿ" ಅನ್ನಬೇಕು. ಪಕ್ಕದ ಮನೆಯ ಮುನಿತಾಯಮ್ಮ ಕಾಣಿಕೆ ಕಟ್ಟಲು ಅರಿಶಿನದ ಬಟ್ಟೆ ಕೂಡ ಎತ್ತಿಟ್ಟಿದ್ದಾರೆ. ನೀವು ಒಪ್ಪಿಬಿಡುತ್ತೀರಿ ಅನ್ನುವುದೇ ನನ್ನ ಭಯ. ಜಗಳ ಮುಗಿದರೆ ಸಾಕು ಅಂತ ತಲೆಯಾಡಿಸಿಬಿಡುವವರು ನೀವು. ಅಷ್ಟರೊಳಗೆ ನಿಮಗೆ ಒಂದು ವಿಷಯ ತಿಳಿಯಬೇಕು. ಅದನ್ನು ನನ್ನ ಸೈಕಲ್ಲಿನಿಂದಲೇ ಶುರು ಮಾಡಬೇಕಾಗಿದೆ, ಸ್ವಲ್ಪ ತಾಳಿಕೊಂಡು ಓದಿ.

ವಿಜಯಪುರದ ಟ್ಯುಟೋರಿಯಲ್ಲಿನಲ್ಲಿ ಕನ್ನಡ ಪಾಠ ಮಾಡಲು ನಾನು ಸೈಕಲ್ ತುಳಿದುಕೊಂಡು ಹೋಗತೊಡಗಿದ ದಿನಗಳು ನಿಮಗೆ ನೆನಪಿರುತ್ತವೆ. ನಂದಿಬೆಟ್ಟ ಹತ್ತಲು ಬರುತ್ತಿದ್ದ ಬೆಂಗಳೂರಿನವರೊಬ್ಬರಿಂದ ಕೊಂಡ ಗೇರಿನ ಸೈಕಲ್ಲು. ದಾರಿಯುದ್ದಕ್ಕೂ ಜಲ್ಲಿ ಲಾರಿಗಳ ದೂಳು. ಅಪ್ಪ ಬದುಕಿದ್ದಾಗ ಪಂಪ್‌ಸೆಟ್ಟಿಗೆ ಹಾಕುತ್ತಿದ್ದ ಎಣ್ಣೆಯನ್ನೇ ನಾನು ಚೈನಿಗೆ ಧಾರಾಳವಾಗಿ ಸುರಿಯುತ್ತಿದ್ದೆ. ಎಣ್ಣೆಗೆ ದೂಳು ಅಂಟಿ ಎರಡೇ ದಿನಕ್ಕೆ ಕಪ್ಪು ಮಡ್ಡಿಯಾಗಿ, ತುಳಿದರೆ ಒಳಗೆ ಮರಳು ಅರೆದಂತೆ ಕರಕರ ಅನ್ನುತ್ತಿತ್ತು. ಬಲಗಾಲಿನ ಪ್ಯಾಂಟಿಗೆ ದಿನವೂ ಮಸಿ. ಒಂದು ದಿನ ಬೋರ್ಡಿನ ಮೇಲೆ ಹಳಗನ್ನಡದ ಪದ್ಯ ಬರೆಯುತ್ತಿದ್ದಾಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ, "ಕಣ್ಣಿಗೆ ಹಚ್ಚೋ ಕಾಡಿಗೇನ ಸಾರು ಕಾಲಿಗೆ ಹಚ್ಕೊಂಡವ್ರೆ ಕಣ್ರೇ" ಅಂದಳು. ಇಡೀ ಕ್ಲಾಸು ನಕ್ಕಿತು. ನಾನು ತಿರುಗಲಿಲ್ಲ; ಉಳಿದ ಅರ್ಧ ಗಂಟೆ ಬೋರ್ಡಿಗೇ ಪಾಠ ಮಾಡಿದೆ. ಮನೆಗೆ ಬಂದು ನಿಮಗೊಬ್ಬರಿಗೇ ಹೇಳಿದೆ. ನಗಬಾರದು ಅಂತ ನೀವು ಸೆರಗು ಬಾಯಿಗೆ ಹಿಡಿದುಕೊಂಡಿರಿ, ಆಗಲಿಲ್ಲ. ಆಮೇಲೆ ಆ ಪ್ಯಾಂಟನ್ನು ಕಲ್ಲಿನ ಮೇಲೆ ಹರಡಿ ಪಾತ್ರೆ ಸೋಪು ಹಾಕಿ ಉಜ್ಜುತ್ತಾ, "ಆ ಎಣ್ಣೆ ಬುಟ್ಟು ಬೇರೆ ಏನಾದ್ರೂ ಹಾಕೋ ಪುಣ್ಯಾತ್ಮ, ನನ್ನ ಬೆರಳು ಸವೆದೋಗ್ತಾವೆ" ಅಂದಿರಿ.

ಹೀಗೆ ಶುರುವಾಯಿತು ಮೇಣದ ಹುಡುಕಾಟ. ಅಮ್ಮ ಮಲಗಿದ ಮಧ್ಯಾಹ್ನಗಳಲ್ಲಿ ಇಬ್ಬರೂ ಕೂತು ಮೊಬೈಲಿನಲ್ಲಿ ಎಷ್ಟು ವಿಡಿಯೋ ನೋಡಿದೆವು! ಎರಡು ದಾರಿ ಇದ್ದವು. ಒಂದು, ಬಾಟಲಿಯಲ್ಲಿ ಬರುವ ಹಾಲಿನಂಥ ಮೇಣ. ಚೈನಿನ ಒಂದೊಂದು ಉರುಳೆಗೂ ಒಂದೊಂದು ಹನಿ ಬಿಟ್ಟು, ಪೂರ್ತಿ ಒಣಗಲು ಬಿಟ್ಟು, ಮೇಲೆ ಉಳಿದದ್ದನ್ನು ಒರೆಸಿಬಿಡುವುದು. ಇನ್ನೊಂದು, ಗಟ್ಟಿ ಮೇಣವನ್ನು ಕರಗಿಸಿ, ಚೈನನ್ನೇ ಬಿಚ್ಚಿ ಅದರಲ್ಲಿ ಮುಳುಗಿಸುವುದು. ಬಾಟಲಿಯದು ಸುಲಭ, ಆದರೆ ನಮ್ಮ ದಾರಿಗೆ ವಾರ ವಾರವೂ ಹಾಕಬೇಕು. ಮುಳುಗಿಸಿದ್ದು ಉರುಳೆಯ ಒಳಗಿನವರೆಗೆ ಇಳಿದು ಒಂದು ತಿಂಗಳು ಬರುತ್ತದೆ. ನೀವು ಬಾಟಲಿಯೇ ಸಾಕು ಅಂದಿರಿ. ನನಗೆ ದೊಡ್ಡದನ್ನೇ ಮಾಡುವ ಹಟ. ಮೊದಲು ಜಾಣತನ ತೋರಿಸಲು ಹೋಗಿ, ಚೈನನ್ನು ಸರಿಯಾಗಿ ತೊಳೆಯದೆ ಅಂಗಡಿಯ ಮೇಣದಬತ್ತಿ ಕರಗಿಸಿ ಹಾಕಿದೆ. ಮೂರನೇ ದಿನಕ್ಕೆ ಹಪ್ಪಳದ ಚೂರಿನಂತೆ ಉದುರಿತು. "ಇರ್ಲಿ ಬುಡು, ಕರೆಂಟ್ ಹೋದಾಗ ಚೈನನ್ನೇ ಹಚ್ಚಿ ಇಟ್ಕೊಂಡ್ರಾಯ್ತು" ಅಂದಿರಿ. ಆಮೇಲೆ ಬೆಂಗಳೂರಿನ ಸೈಕಲ್ ಅಂಗಡಿಯೊಂದರಿಂದ ಚೈನಿಗೆಂದೇ ಮಾಡಿದ ಗಟ್ಟಿ ಮೇಣ ತರಿಸಿದೆ, ಬೆಲ್ಲದ ಅಚ್ಚಿನಷ್ಟು ದೊಡ್ಡ ಬಿಳಿ ತುಂಡು. ಎಲ್ಲ ವಿಡಿಯೋಗಳಲ್ಲೂ ಒಂದು ಮಾತು ಒತ್ತಿ ಹೇಳಿದ್ದರು. ಚೈನಿನಲ್ಲಿ ಹಳೆಯ ಎಣ್ಣೆ ಚೂರೂ ಉಳಿದಿರಬಾರದು, ಉಳಿದರೆ ಮೇಣ ಹಿಡಿಯುವುದಿಲ್ಲ. ಆ ಎಣ್ಣೆ ತೆಗೆಯಲು ನಾನು ಅಣ್ಣನ ಬೈಕಿನಿಂದ ಪೆಟ್ರೋಲು ಇಳಿಸಿಕೊಂಡೆ.

ಸಂಕ್ರಾಂತಿ ಕಳೆದ ಮೇಲಿನ ಭಾನುವಾರ ಅದು. ಅಮ್ಮನೂ ಅಣ್ಣನೂ ದೊಡ್ಡಬೆಳವಂಗಲಕ್ಕೆ ನಾಮಕರಣಕ್ಕೆ ಹೋಗಿದ್ದರು, ಮಾರನೆಯ ಬೆಳಿಗ್ಗೆ ಬರುವವರು. ಮನೆಯಲ್ಲಿ ನಾವಿಬ್ಬರೇ. ನೀವು ಮುಟ್ಟಾಗಿ ಎರಡನೇ ದಿನ, ಜಗಲಿಯ ತುದಿಯಲ್ಲಿ ಚಾಪೆ ಹಾಕಿಕೊಂಡು ಕೂತಿದ್ದಿರಿ. ಹುಳಕ್ಕೆ ಸೊಪ್ಪು ಹಾಕುವ ಪಾಳಿ ನನ್ನದು. ನಾಲ್ಕನೇ ಜ್ವರ ಎದ್ದು, ಕೊನೆಯ ಪೊರೆ ಕಳಚಿ ಬೆರಳುದ್ದ ಬೆಳೆದ ಹುಳಗಳು, ಇನ್ನು ಮೂರು ದಿನ ಮೇಯ್ದಿದ್ದರೆ ಗೂಡು ಕಟ್ಟುತ್ತಿದ್ದವು. "ಪೆಟ್ರೋಲ್ ಹುಳಮನೆ ಕಡೆ ತಗೊಂಡೋಗ್ಬೇಡ ಕಣಪ್ಪ, ವಾಸ್ನೆಗೇ ಸಾಯ್ತಾವೆ" ಅಂತ ನೀವು ಎರಡು ಸಲ ಹೇಳಿದಿರಿ. ನಾನು ಹುಷಾರಾಗಿಯೇ ಹಿತ್ತಲಿನಲ್ಲಿ ಕೊಟ್ಟಿಗೆಯ ಹಿಂದೆ ಕೂತೆ. ಚೈನು ಬಿಚ್ಚಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಪೆಟ್ರೋಲು ಸುರಿದು, ಮುಚ್ಚಳ ಬಿಗಿದು ಕುಲುಕಿದೆ. ಮೊದಲ ಸಲ ಇದ್ದಿಲಿನಂತೆ ಕಪ್ಪಾಗಿ ಬಂತು, ಮೂರನೇ ಸಲ ಕಾಫಿಯ ಬಣ್ಣ, ಐದನೇ ಸಲಕ್ಕೆ ತಿಳಿಯಾಯಿತು. ಇನ್ನು ಒರೆಸಿ ಒಣಗಿಸಬೇಕು. ತಂದಿಟ್ಟುಕೊಂಡಿದ್ದ ಬಟ್ಟೆ ಆಗಲೇ ನೆನೆದು ಹೋಗಿತ್ತು. ಕೈಗೆಟುಕುವಷ್ಟು ದೂರದಲ್ಲಿ, ಸೊಪ್ಪಿನ ಕೋಣೆಯ ಮೋಟುಗೋಡೆಯ ಮೇಲೆ ಗೋಣಿಚೀಲ ಒಣಹಾಕಿತ್ತು. ಎಳೆದುಕೊಂಡೆ. ಚೈನನ್ನು ಅದರಲ್ಲಿ ಸುತ್ತಿ, ಎರಡೂ ಕೈಯಲ್ಲಿ ತಿಕ್ಕಿ, ಕೊಂಡಿ ಕೊಂಡಿಯ ಪೆಟ್ರೋಲನ್ನೂ ಗೋಣಿ ಹೀರುವಂತೆ ಒರೆಸಿದೆ. ಕಡಿದು ತಂದ ಸೊಪ್ಪು ಬಾಡದಂತೆ ನೆನೆಸಿ ಹೊದಿಸುವ ಗೋಣಿ ಅದು ಅಂತ ನನಗೆ ಗೊತ್ತಿತ್ತು, ಅತ್ತಿಗೆ. ಗೊತ್ತಿರಲಿಲ್ಲ ಅಂತ ಬರೆದು ಹೊಡೆದುಹಾಕಿ ಮತ್ತೆ ಬರೆಯುತ್ತಿದ್ದೇನೆ. ಗಾಳಿಗೆ ಹಾರಿಹೋಗುತ್ತದೆ ಬಿಡು ಅಂದುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ನಾನೇ ಅದನ್ನು ನೀರಿನಲ್ಲಿ ಅದ್ದಿ, ಮಧ್ಯಾಹ್ನದ ಸೊಪ್ಪಿನ ಮೇಲೆ ಹೊದಿಸಿ ಬಂದೆ.

ಆಮೇಲೆ ಮೇಣ. ಅಗಲವಾದ ಪಾತ್ರೆಯಲ್ಲಿ ನೀರು ಕುದಿಸಿ, ಅದರೊಳಗೆ ನೀವು ಕೊಟ್ಟ ಹಳೆಯ ಅಲ್ಯೂಮಿನಿಯಂ ಪಾತ್ರೆ ಇಟ್ಟೆ. ನೇರ ಉರಿಗಿಟ್ಟರೆ ಮೇಣ ಹೊತ್ತಿಕೊಳ್ಳುತ್ತದೆ. ತಂತಿಗೆ ಪೋಣಿಸಿದ ಚೈನನ್ನು ಇಳಿಬಿಟ್ಟು ಮೆಲ್ಲಗೆ ಆಡಿಸುತ್ತಿದ್ದರೆ ಉರುಳೆಗಳ ಒಳಗಿನಿಂದ ಸಣ್ಣ ಸಣ್ಣ ಗುಳ್ಳೆಗಳು ಏಳುತ್ತವೆ. ಗುಳ್ಳೆ ನಿಲ್ಲುವ ತನಕ ತೆಗೆಯಬಾರದು. ನಿಂತ ಮೇಲೂ ಉರಿ ಆರಿಸಿ, ಮೇಲೆ ಹಾಲಿನ ಕೆನೆಯಂತೆ ಕಟ್ಟುವ ತನಕ ಕಾಯಬೇಕು. ಬಿಸಿಯಲ್ಲೇ ಎತ್ತಿದರೆ ಮೇಣವೆಲ್ಲ ಸೋರಿಹೋಗಿ ಚೈನಿನಲ್ಲಿ ಏನೂ ಉಳಿಯುವುದಿಲ್ಲ. ಎರಡು ಗಂಟೆಯಾಯಿತು. "ರಾಜಾ, ಸೊಪ್ಪಿನ ಹೊತ್ತಾಯ್ತು" ಅಂತ ನೀವು ಜಗಲಿಯಿಂದ ಕೂಗಿದಿರಿ. "ಹತ್ತು ನಿಮಿಷ ಅತ್ತಿಗೆ" ಅಂದೆ. ಎರಡೂವರೆಗೆ ಮತ್ತೆ ಕೂಗಿದಿರಿ. "ಇನ್ನೊಂದೈದೇ ನಿಮಿಷ" ಅಂದೆ. ಹಸಿದ ಹುಳ ತಲೆ ಎತ್ತಿ ಹುಡುಕುವುದನ್ನು ನೀವು ಸಹಿಸುವವರಲ್ಲ. "ನಿನ್ನ ಚೈನಿಗೆ ಮುಹೂರ್ತ ಕೂಡಿ ಬರೋ ಹೊತ್ಗೆ ಇವು ಒಣಗೋಯ್ತಾವೆ" ಅಂತ ಗೊಣಗುತ್ತಾ ಎದ್ದು, ಸೆರಗು ಸಿಕ್ಕಿಸಿಕೊಂಡು, ನೀವೇ ಸೊಪ್ಪು ಹೊತ್ತು ಒಳಗೆ ಹೋದಿರಿ. "ಏನಪ್ಪಾ ಈ ಪಾಟಿ ಪೆಟ್ರೋಲ್ ವಾಸ್ನೆ" ಅಂದಿರಿ. "ಇಲ್ಲೇ ತೊಳೆದ್ನಲ್ಲ, ಗಾಳಿಗೆ ಬರ್ತೈತೆ" ಅಂದೆ. ಕಣ್ಣು ಗುಳ್ಳೆಗಳ ಮೇಲೇ ಇತ್ತು. ಬೇಲಿಯಾಚೆ ಬಟ್ಟೆ ಒಣಹಾಕುತ್ತಿದ್ದ ಮುನಿತಾಯಮ್ಮ ನೀವು ಹುಳಮನೆಯಿಂದ ಹೊರಗೆ ಬರುವುದನ್ನು ನೋಡಿದರು.

ಸಂಜೆಗೆ ಹುಳಗಳು ಮೇಯುವುದು ನಿಲ್ಲಿಸಿ, ತಲೆ ಒಲೆಯುತ್ತಾ ಹಸಿರು ನೀರು ಕಕ್ಕಿದವು. ಮಾರನೆಯ ದಿನ ಮಧ್ಯಾಹ್ನಕ್ಕೆ ಸ್ಟ್ಯಾಂಡಿನ ಮೇಲಿನ ಅಂತಸ್ತಿನಿಂದ ಕೆಳಗಿನವರೆಗೆ ಎಲ್ಲವೂ ಮೆತ್ತಗೆ ಕಪ್ಪಾಗಿದ್ದವು. ಅಣ್ಣ ತಿಪ್ಪೆಯ ಪಕ್ಕ ಗುಂಡಿ ತೋಡಿದ, ಯಾರ ಮುಖವನ್ನೂ ನೋಡಲಿಲ್ಲ. ಮುನಿತಾಯಮ್ಮ ಬೇಲಿಯಿಂದಲೇ ಅಮ್ಮನ ಹೆಸರು ಹಿಡಿದು, "ಹುಳ ಅಂದ್ರೆ ಲಕ್ಷ್ಮಿ ಕಣೇ ಅಮ್ಮಯಮ್ಮ, ಮುಟ್ಟಾದೋಳು ಒಳೀಕ್ ಹೋದ್ರೆ ಉಳೀತಾವಾ? ನನ್ನ ಕಣ್ಣಾರೆ ಕಂಡಿವ್ನಿ" ಅಂದರು. ಅಮ್ಮ ನಿಮ್ಮನ್ನು ಅಂಗಳದಲ್ಲಿ ನಿಲ್ಲಿಸಿಕೊಂಡು, "ಹೋಗಿದ್ಯೋ ಇಲ್ವೋ, ಅಷ್ಟು ಹೇಳು" ಅಂತ ಕೇಳಿದಳು. "ಹೋಗಿದ್ದೆ ಅತ್ತೆ, ಹುಳ ಹಸ್ಕೊಂಡಿದ್ವು" ಅಂದಿರಿ. ನನ್ನ ಪಾಳಿ ಅಂತ ಹೇಳಲಿಲ್ಲ. ಒಂದೇ ಒಂದು ಸಲ ನನ್ನ ಕಡೆ ನೋಡಿದಿರಿ. ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಮೇಣ ಗಟ್ಟಿಯಾದ ಮೇಲೆ ಚೈನು ಕೋಲಿನಂತೆ ಸೆಟೆದುಕೊಳ್ಳುತ್ತದೆ, ಹಾಕುವ ಮುಂಚೆ ಒಂದೊಂದು ಕೊಂಡಿಯನ್ನೂ ಬಗ್ಗಿಸಿ ಸಡಿಲ ಮಾಡಬೇಕು. ನಾನು ಅದನ್ನೇ ಮಾಡುತ್ತಿದ್ದೆ. ಅಮ್ಮ ನಿಮ್ಮ ತವರಿನವರನ್ನೆಲ್ಲ ಸೇರಿಸಿ ಬೈಯುತ್ತಿದ್ದಾಗ ನನ್ನ ಕೈಯಲ್ಲಿ ಕೊಂಡಿಗಳು ಲಟಕ್ ಲಟಕ್ ಅನ್ನುತ್ತಿದ್ದವು. ಎಂ.ಎ.ಯಲ್ಲಿ ಹೆಣ್ಣಿನ ಮೌನದ ಬಗ್ಗೆ ನಲವತ್ತು ಪುಟ ಬರೆದು ಮೇಷ್ಟರಿಂದ ಶಹಬ್ಬಾಸ್ ಅನ್ನಿಸಿಕೊಂಡವನು ನಾನು. ಅಂಗಳದಲ್ಲಿ "ತಪ್ಪು ನನ್ನದು" ಅನ್ನುವ ಎರಡು ಮಾತು ಹೊರಡಲಿಲ್ಲ. ನಾಳೆ ಹೇಳೋಣ, ಸಿಟ್ಟು ಇಳಿಯಲಿ ಅಂದುಕೊಂಡೆ. ಮೂರನೇ ದಿನ ಅಣ್ಣ ನಿಮ್ಮನ್ನು ಬೈಕಿನಲ್ಲಿ ಕೂರಿಸಿಕೊಂಡು ನಂದಗುಡಿಗೆ ಬಿಟ್ಟು ಬಂದ. ಹೊರಡುವಾಗ ಬ್ಯಾಗು ಎತ್ತಿಕೊಳ್ಳುತ್ತಾ, "ನಿನ್ನ ಪ್ಯಾಂಟು ತಂತಿ ಮೇಲೈತೆ, ಬಿಸಿಲು ಜಾಸ್ತಿ ಆಗೋ ಮುಂಚೆ ತಗೋ" ಅಂದಿರಿ. ನನ್ನ ಜೊತೆ ನೀವು ಆಡಿದ ಕೊನೆಯ ಮಾತು ಅದು.

ಚೈನು ಹೇಗಿದೆ ಅಂತ ನೀವು ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಬಹಳ ಚೆನ್ನಾಗಿದೆ. ಸದ್ದೇ ಇಲ್ಲ. ಬೆರಳಿನಿಂದ ಮುಟ್ಟಿದರೂ ಮಸಿಯಾಗುವುದಿಲ್ಲ, ದೂಳು ಅಂಟದೆ ಉದುರಿಹೋಗುತ್ತದೆ. ಮಳೆಯಲ್ಲಿ ನೆಂದರೆ ಮಾತ್ರ ಅಂದೇ ಒರೆಸಿ ಮತ್ತೆ ಅದ್ದಬೇಕು, ಇಲ್ಲದಿದ್ದರೆ ತುಕ್ಕು ಹಿಡಿಯುತ್ತದೆ. ಒಮ್ಮೆ ಎಣ್ಣೆ ಪೂರ್ತಿ ತೆಗೆದ ಚೈನಿಗೆ ಎರಡನೇ ಸಲದಿಂದ ಕುದಿನೀರು ಸಾಕು, ಪೆಟ್ರೋಲು ಬೇಕಿಲ್ಲ. ಅಂದರೆ ಆ ಪೆಟ್ರೋಲು ಬೇಕಾಗಿದ್ದು ಒಂದೇ ಒಂದು ದಿನಕ್ಕೆ. ಬಾಟಲಿಯ ಮೇಣಕ್ಕೂ ಮೊದಲ ಸಲ ತೊಳೆಯಲೇಬೇಕಿತ್ತು, ಆದರೆ ನಿಮ್ಮ ಮಾತು ಕೇಳಿ ಅದನ್ನೇ ಹಾಕಿದ್ದರೆ ಅರ್ಧ ಗಂಟೆಯಲ್ಲಿ ಮುಗಿಸಿ, ಹೊತ್ತಿಗೆ ಸರಿಯಾಗಿ ನಾನೇ ಸೊಪ್ಪು ಹಾಕಿರುತ್ತಿದ್ದೆ. ಹುಳ ಆಗಲೂ ಸಾಯುತ್ತಿದ್ದವು. ನಿಮ್ಮ ಹೆಸರು ಬರುತ್ತಿರಲಿಲ್ಲ. ಟ್ಯುಟೋರಿಯಲ್ಲಿನ ಗಣಿತದ ಉಮಾಶಂಕರ್, "ಏನ್ ಗುರು, ನೀನು ಬಂದಿದ್ದೇ ಗೊತ್ತಾಗಲ್ಲ, ಕಳ್ಳನ ಥರ ಬರ್ತೀಯ" ಅಂತ ಹೊಗಳುತ್ತಾನೆ, ತನ್ನ ಸೈಕಲ್ಲಿಗೂ ಹಾಕಿಕೊಡು ಅಂತ ದುಂಬಾಲು ಬಿದ್ದಿದ್ದಾನೆ. ಹತ್ತು ತಿಂಗಳಿಂದ ನನ್ನ ಪ್ಯಾಂಟಿಗೆ ಒಂದು ಚುಕ್ಕೆ ಮಸಿ ತಾಗಿಲ್ಲ. ಹುಡುಗಿಯರು ನಗುವುದನ್ನು ನಿಲ್ಲಿಸಿದ್ದಾರೆ. ಇಷ್ಟಕ್ಕಾಗಿ, ಅತ್ತಿಗೆ.

ಈ ಕಾಗದವನ್ನು ಅಂಟಿಸುವ ಮುಂಚೆ ಅಮ್ಮನಿಗೆ ಓದಿ ಹೇಳುತ್ತೇನೆ. ಬಾಯಿಬಿಟ್ಟು ಹೇಳಲು ಆಗದವನಿಗೆ ಓದುವುದಾದರೂ ಆದೀತು. ಅಮ್ಮ ನನಗೆ ಹೊಡೆಯಬಹುದು, ಅಳಬಹುದು. ಆದರೆ ನಿಜ ಗೊತ್ತಾದ ಮೇಲೆ ಷರತ್ತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾಳೆ, ಭಾನುವಾರ ನಿಮ್ಮ ಮನೆಗೆ ತಲೆ ತಗ್ಗಿಸಿಕೊಂಡು ಬರುತ್ತಾಳೆ ಅನ್ನುವ ಧೈರ್ಯದಲ್ಲೇ ಇಷ್ಟನ್ನೂ ಬರೆದೆ. ಕ್ಷಮಿಸಿ ಅಂತ ಕೇಳುವುದಿಲ್ಲ. ಕೇಳಿದರೆ ನೀವು ಆ ಕ್ಷಣವೇ ಕ್ಷಮಿಸಿಬಿಡುತ್ತೀರಿ, ಅದು ನನಗೆ ದಕ್ಕುವುದಿಲ್ಲ. ಮಣಿಕಟ್ಟಿಗೆ ತಣ್ಣೀರು ತಾಗಿಸಬೇಡಿ. ನಿಮ್ಮ ತಂದೆ ತಾಯಿಯವರಿಗೆ ನನ್ನ ನಮಸ್ಕಾರ. ಇದನ್ನು ಓದಿದ ಮೇಲೂ ಅವರಿಗೆ ನನ್ನ ನಮಸ್ಕಾರ ಬೇಕೆನಿಸಿದರೆ ಮಾತ್ರ ತಿಳಿಸಿ.

ಇತಿ ನಿಮ್ಮ ಮೈದುನ,
ಕೆಂಪರಾಜ್

ವಿ.ಸೂ.: ಟಪಾಲು ಹೋಗುವ ಹೊತ್ತಾಗಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಅಮ್ಮನಿಗೆ ಓದಿ ಹೇಳಿದೆ. ಅವರೆಕಾಯಿ ಸುಲಿಯುತ್ತಾ ಕೇಳಿದಳು, ಕೈ ನಿಲ್ಲಿಸಲಿಲ್ಲ. ಗೋಣಿಯ ಮಾತು ಬಂದಾಗ, "ಗೊತ್ತು ಬುಡ್ಲಾ" ಅಂದಳು. ನಾಮಕರಣದಿಂದ ಬಂದ ಬೆಳಿಗ್ಗೆ ಗೋಣಿ ನೆನೆಸಲು ಎತ್ತಿದಾಗಲೇ ಪೆಟ್ರೋಲು ಮೂಗಿಗೆ ಹೊಡೆಯಿತಂತೆ. ಅಣ್ಣ ನೋಡುವ ಮುಂಚೆ ನೀರೊಲೆಗೆ ಹಾಕಿ ಸುಟ್ಟಳಂತೆ. ನಿಮ್ಮನ್ನು ಅಂಗಳದಲ್ಲಿ ನಿಲ್ಲಿಸಿ ಕೇಳಿದ್ದು ಅದಾದ ಮೇಲೆ. ಯಾಕಮ್ಮಾ ಅಂದೆ. "ನಿನ್ನ ಹೆಸ್ರು ಎತ್ತಿದ್ರೆ ನಿಮ್ಮಣ್ಣ ನಿನ್ನ ಈ ಮನೇಲಿ ಇಕ್ಕೊಂತಿದ್ನಾ? ಅವಳಿಗಾದ್ರೆ ತವರೈತೆ. ನಿಂಗೆ ಎಲ್ಲೈತೆ?" ಅಂದಳು. ಷರತ್ತು ಹಾಗೇ ಇದೆ, "ಊರ ಬಾಯಿಗೆ ಏನಾದ್ರೂ ಹಾಕ್ಬೇಕಲ್ಲ" ಅನ್ನುತ್ತಾಳೆ. ಅಣ್ಣನಿಗೆ ಇನ್ನೂ ಗೊತ್ತಿಲ್ಲ. ತೋಟದಲ್ಲಿದ್ದಾನೆ, ಇದನ್ನು ಪೋಸ್ಟಿಗೆ ಹಾಕಿ ನೇರ ಅಲ್ಲಿಗೇ ಹೋಗಿ ಹೇಳುತ್ತೇನೆ. ಏನು ಮಾಡುತ್ತಾನೋ ತಿಳಿಯದು. ಅವನು ಏನೇ ಮಾಡಲಿ, ಭಾನುವಾರ ಇಬ್ಬರೂ ಬಂದರೆ ಕಾಲಿಗೆ ನೀರು ಕೊಡಿ, ಕಾಫಿ ಕೊಡಿ. ಅವರ ಜೊತೆ ಹೊರಡಬೇಡಿ.